ಅಭ್ಯರ್ಥಿಯ ಕುದುರೆಯ ಹಿಂದೆ ಜೊಯೆಟ್ ಪರ್ಡಿ

ಬೆಳಕು ಇನ್ನೂ ಹರಿದಿಲ್ಲ. ಲಾಯದ ಮುಂದಿನ ದೀಪದಡಿ ಜೊಯೆಟ್ ಪರ್ಡಿ ಬಕೆಟ್ ಇಟ್ಟುಕೊಂಡು ಕುದುರೆಯ ಬಾಲ ತೊಳೆಯುತ್ತಿದ್ದಾರೆ. ನೀರಿಗೆ ಒಂದೆರಡು ಹನಿ ನೀಲಿ ಹಾಕಿದ್ದಾರೆ, ಬಿಳಿ ಬಟ್ಟೆಗೆ ಹಾಕುವ ಅದೇ ನೀಲಿ. ಬೂದು ಕುದುರೆ ವಯಸ್ಸಾಗುತ್ತ ಬೆಳ್ಳಗಾಗುತ್ತದೆ, ಬೆಳ್ಳಗಾದ ಬಾಲ ಹಳದಿಗಟ್ಟುತ್ತದೆ. ಡೀಕನ್ ಎಂಬ ಈ ಕುದುರೆಗೆ ಈಗ ಇಪ್ಪತ್ತನಾಲ್ಕು ವರ್ಷ. ಅದು ಕಣ್ಣು ಮುಚ್ಚಿಕೊಂಡು ನಿಂತಿದೆ.

"ನೀಲಿ ಜಾಸ್ತಿ ಆಗಬಾರದು," ಎನ್ನುತ್ತಾರೆ ಜೊಯೆಟ್. "ಜೂನ್‌ನಲ್ಲಿ ಒಂದ್ಸಲ ಕೈ ತಪ್ಪಿ ಸುರಿದುಬಿಟ್ಟೆ. ಬಾಲ ಪೂರ್ತಿ ನೀಲಿ. ಅದು ಆ ಪಕ್ಷದವರ ಬಣ್ಣ ಅಲ್ವಾ? ಊರವರು ಬಿಡ್ತಾರಾ? 'ಏನ್ ಜೊಯೆಟ್, ನಿನ್ನ ಕುದುರೆ ಡೆಮಾಕ್ರಾಟ್ ಆಯ್ತಂತೆ' ಅಂತ ಅಂಗಡಿಗೆ ಹೋದಾಗಲೆಲ್ಲ ಕೇಳಿದ್ರು."

ಇದು ಆಗಸ್ಟ್ ತಿಂಗಳ ಶನಿವಾರ. ಮಂಗಳವಾರ ವಯೋಮಿಂಗ್ ರಾಜ್ಯದ ರಿಪಬ್ಲಿಕನ್ ಮತದಾರರು ತಮ್ಮ ಗವರ್ನರ್ ಅಭ್ಯರ್ಥಿಯನ್ನು ಆರಿಸುತ್ತಾರೆ. ಆ ದಿನ ಗೆದ್ದವರು ನವೆಂಬರಿನ ಅಂತಿಮ ಚುನಾವಣೆಯಲ್ಲೂ ಗೆಲ್ಲುವುದು ಇಲ್ಲಿನ ವಾಡಿಕೆ. ಕಣದಲ್ಲಿ ಇಬ್ಬರಿದ್ದಾರೆ, ವೇಡ್ ಟೀಮನ್ ಮತ್ತು ಕೋಲ್ ರೆನ್‌ಶಾ. ಇಬ್ಬರೂ ಸಂಪ್ರದಾಯವಾದಿಗಳೇ. ಆಸ್ತಿ ತೆರಿಗೆ ಇಳಿಸುತ್ತೇವೆ ಎನ್ನುತ್ತಾರೆ, ಬಂದೂಕಿನ ಮೇಲೆ ಯಾರಿಗೂ ಕೈ ಹಾಕಲು ಬಿಡುವುದಿಲ್ಲ ಎನ್ನುತ್ತಾರೆ, ವಾಷಿಂಗ್ಟನ್ನಿನ ಅಧಿಕಾರಿಗಳು ನಮ್ಮ ಹುಲ್ಲುಗಾವಲಿನ ಬೇಲಿಯಾಚೆ ಇರಲಿ ಎನ್ನುತ್ತಾರೆ. ಮಾತು ಕೇಳಿ ಇಬ್ಬರಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ. ಕುದುರೆಯ ಮೇಲೆ ನೋಡಿದರೆ ಸುಲಭ. ರೆನ್‌ಶಾ ಕುದುರೆ ಸವಾರಿಯ ರೋಡಿಯೊ ಪಂದ್ಯಗಳಲ್ಲಿ ಆಡಿ ಬೆಳೆದವರು. ಟೀಮನ್‌ಗೆ ಕುದುರೆಯೆಂದರೆ ಭಯ.

ಇದು ಈಗ ರಾಜ್ಯಕ್ಕೆಲ್ಲ ಗೊತ್ತಿರುವ ವಿಷಯವಾದ್ದರಿಂದ ಬರೆಯಬಹುದು. ಆ ಶನಿವಾರದ ಬೆಳಗಿನವರೆಗೆ ಗೊತ್ತಿದ್ದವರು ಕಡಿಮೆ. ಜೊಯೆಟ್‌ಗೆ ಗೊತ್ತಿತ್ತು. ಅವರು ಕಾಟನ್‌ವುಡ್ ಫೋರ್ಕ್ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಟೀಮನ್ ಅಲ್ಲಿ ಎರಡನೇ ತರಗತಿಯ ಹುಡುಗ. ಕರುಗಳಿಗೆ ಬರೆ ಹಾಕುವ ದಿನ ಕುದುರೆಯೊಂದು ಅವನ ಮೇಲೆ ಉರುಳಿ ಕಾಲು ಮುರಿಯಿತು. ಊರುಗೋಲು ಹಿಡಿದವನಿಗೆ ತಟ್ಟೆ ಹಿಡಿಯಲಾಗದು. ಆ ವರ್ಷವೆಲ್ಲ ಅವನ ತಟ್ಟೆಯನ್ನು ಮೇಜಿಗೆ ಕೊಂಡೊಯ್ದು ಇಟ್ಟವರು ಜೊಯೆಟ್.

ಈ ರಾಜ್ಯದಲ್ಲಿ ಬೇಸಿಗೆಯೆಂದರೆ ಮೆರವಣಿಗೆ. ಪ್ರತಿ ಊರಿಗೂ ಒಂದಿದೆ, ಚುನಾವಣೆಗೆ ನಿಂತವರು ಯಾವುದನ್ನೂ ಬಿಡುವಂತಿಲ್ಲ. ಕಾರಿನಲ್ಲಿ ಕೂತು ಕೈ ಬೀಸುವವನನ್ನು ಜನ ಕಾರಿನವನು ಎಂದೇ ನೆನಪಿಟ್ಟುಕೊಳ್ಳುತ್ತಾರೆ. ಎದುರಾಳಿ ಕುದುರೆ ಮೇಲಿರುವಾಗ ನೀವೂ ಮೇಲಿರಬೇಕು ಎಂದು ಟೀಮನ್‌ರ ಪ್ರಚಾರ ನೋಡಿಕೊಳ್ಳುವ ಕೆಂಡ್ರಾ ಲೈಲ್ ಹಟ ಹಿಡಿದರು. ಮೇ ತಿಂಗಳಲ್ಲಿ ಟೀಮನ್ ಹ್ಯಾಟನ್ನು ಕೈಯಲ್ಲಿ ಹಿಡಿದುಕೊಂಡು ಜೊಯೆಟ್ ಮನೆಗೆ ಬಂದರು.

"'ಮಿಸೆಸ್ ಪರ್ಡಿ, ನನ್ನನ್ನ ಕೆಡವದೇ ಇರೋ ಕುದುರೆ ಇದೆಯಾ ನಿಮ್ಮ ಹತ್ರ' ಅಂದ. ಕೆಡವಲ್ಲ, ಓಡೋದೂ ಇಲ್ಲ, ನಡುದಾರೀಲಿ ನಿದ್ದೆ ಹೋಗಬಹುದು ಅಂದೆ. 'ಅದೇ ಕೊಡಿ' ಅಂದ."

ಅಂದಿನಿಂದ ಜೊಯೆಟ್‌ರ ಶನಿವಾರಗಳು ಹೀಗೆ. ಕತ್ತಲಲ್ಲೇ ಎದ್ದು ಕುದುರೆಗೆ ಸ್ನಾನ, ಗೊರಸಿಗೆ ಎಣ್ಣೆ. ಟ್ರೇಲರ್ ಹತ್ತಿಸಿ ಮೂರು ಗಂಟೆಯೋ ನಾಲ್ಕು ಗಂಟೆಯೋ ಗಾಡಿ ಓಡಿಸುವುದು. ಟ್ರೇಲರಿನ ಮರೆಯಲ್ಲಿ ಮರದ ಮೆಟ್ಟಿಲಿಟ್ಟು ಟೀಮನ್‌ರನ್ನು ಹತ್ತಿಸುವುದು. ಆಮೇಲೆ ತಳ್ಳುಗಾಡಿ, ಸಲಿಕೆ ಹಿಡಿದು ಕುದುರೆಯ ಹಿಂದೆ ಲದ್ದಿ ಎತ್ತುತ್ತ ನಡೆಯುವುದು. ಪ್ರಚಾರದವರು ಡೀಸೆಲ್ ಹಾಕಿಸುತ್ತಾರೆ. ಅದಕ್ಕಿಂತ ಹೆಚ್ಚಿಗೆ ಇವರು ಕೇಳಿಲ್ಲ.

ರಸ್ತೆಯ ಎರಡೂ ಬದಿ ಮಡಚುವ ಕುರ್ಚಿ ಹಾಕಿಕೊಂಡು ಕೂತ ಜನಕ್ಕೆ ಅಭ್ಯರ್ಥಿಗಿಂತ ಇವರೇ ಹೆಚ್ಚು ಮಜಾ. "ಏನ್ ಜೊಯೆಟ್, ಪ್ರಣಾಳಿಕೆ ಎತ್ತುತಾ ಇದ್ದೀಯಾ?" ಎಂದು ಯಾರಾದರೂ ಕೂಗುತ್ತಾರೆ. "ಹೌದು, ನಿನ್ನ ಟೊಮೆಟೊ ಗಿಡಕ್ಕೆ ಒಂದು ಪ್ರತಿ ಕಳಿಸಲಾ?" ಎನ್ನುತ್ತಾರೆ ಇವರು, ತಲೆ ಎತ್ತದೆ.

ತಲೆ ಎತ್ತದಿರುವುದಕ್ಕೆ ಕಾರಣವಿದೆ. ಹೋದ ಚಳಿಗಾಲದಿಂದ ಡೀಕನ್‌ನ ಎಡಗಣ್ಣು ಮಂಜಾಗಿದೆ. ಅದು ಹೆಜ್ಜೆ ಇಡುವುದು ಹಿಂದಿನಿಂದ ಬರುವ ಜೊಯೆಟ್‌ರ ದನಿ ಕೇಳಿಕೊಂಡು. ಇವರು ದಾರಿಯುದ್ದಕ್ಕೂ ಸಣ್ಣಗೆ ಏನೋ ಹೇಳುತ್ತಲೇ ಇರುತ್ತಾರೆ. ಹತ್ತಿರ ಹೋಗಿ ಕೇಳಿದರೆ ಅದು ಶಾಲೆಯ ಊಟದ ಪಟ್ಟಿ. "ಸೋಮವಾರ ಮಾಂಸದ ಚಿಲಿ ಸಾರು, ದಾಲ್ಚಿನ್ನಿ ಬನ್ನು. ಮಂಗಳವಾರ ಕೋಳಿ, ಆಲೂಗಡ್ಡೆ, ಬಟಾಣಿ. ಬುಧವಾರ..." ಟೀಮನ್‌ರ ಬೆನ್ನು ನೆಟ್ಟಗಾಗುವುದೂ ಈ ದನಿಗೇ ಎಂದು ಕೆಂಡ್ರಾ ಒಮ್ಮೆ ಹೇಳಿದರು.

ಡೀಕನ್‌ನ ಮೂಲ ಕೆಲಸ ಬೇರೆ. ಸುತ್ತಲಿನ ದನ ಸಾಕುವ ರಾಂಚ್‌ಗಳಲ್ಲಿ ಯಾರಾದರೂ ಸತ್ತರೆ ಅವರ ಖಾಲಿ ಜೀನು ಹೊತ್ತು ಶವಪೆಟ್ಟಿಗೆಯ ಹಿಂದೆ ನಡೆಯುತ್ತದೆ. ಸ್ಮಶಾನದಲ್ಲಿ ಗಂಡಸರು ಹ್ಯಾಟ್ ತೆಗೆದಾಗ ನಿಲ್ಲುತ್ತದೆ. ಜೊಯೆಟ್ ಬಂದು ಲಗಾಮು ಹಿಡಿಯುವವರೆಗೆ ಕದಲುವುದಿಲ್ಲ. ಯಾರೂ ಕಲಿಸಿದ್ದಲ್ಲ, ಹಾಗೆ ನಿಂತೂ ನಿಂತೂ ಬಂದ ಅಭ್ಯಾಸ. ಎರಡು ವರ್ಷದ ಹಿಂದೆ ನಮ್ಮ ಮನೆಗೂ ಬಂದಿತ್ತು. ಆ ದಿನ ಅದರ ಮೇಲಿದ್ದದ್ದು ನನ್ನ ಗಂಡನ ಜೀನು.

ಮೆರವಣಿಗೆಯಲ್ಲಿ ಈ ಅಭ್ಯಾಸ ಅಡ್ಡಿಯಾಗಿಲ್ಲ. ಎಲ್ಲ ಊರಲ್ಲೂ ರಾಷ್ಟ್ರಧ್ವಜ ಮುಂದಿರುತ್ತದೆ, ಅದು ಹಾದುಹೋಗುವಾಗ ಜನ ಎದ್ದು ಹ್ಯಾಟ್ ತೆಗೆಯುತ್ತಾರೆ. ಕುದುರೆಗಳಿಗೆ ಜಾಗ ಕೊನೆಯಲ್ಲಿ. ಡೀಕನ್ ಬರುವ ಹೊತ್ತಿಗೆ ಹ್ಯಾಟುಗಳು ತಲೆಗೆ ಮರಳಿರುತ್ತವೆ.

ಅಂದು ಬ್ಯಾನರ್ ಸ್ಪ್ರಿಂಗ್ಸ್ ಕಡೆಗೆ ಜೊಯೆಟ್ ಗಾಡಿ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತಿದ್ದೆ. ಹೊರಗೆ ಸೇಜ್ ಪೊದೆಗಳ ನಡುವೆ ಚಿಗರೆಗಳು ನಿಂತು ನೋಡುತ್ತಿದ್ದವು. ಅದು ರೆನ್‌ಶಾ ಹುಟ್ಟಿದ ಊರು, ಬೇಸಿಗೆಯ ಕೊನೆಯ ಮೆರವಣಿಗೆ. ಎಲ್ಲ ಸಮೀಕ್ಷೆಗಳಲ್ಲೂ ಇಬ್ಬರೂ ಸಮಸಮ.

"ಇದೊಂದು ದಿನ ಕಳೆದ್ರೆ ಸಾಕು," ಎಂದರು. "ಅವನು ಬಿದ್ದ ಅಂತಿಟ್ಕೋ, ಮಂಗಳವಾರ ಮುಗೀತು. ಡೀಕನ್ ಕಥೆನೂ ಮುಗೀತು. ಟೀಮನ್‌ನ ಕೆಡವಿದ ಕುದುರೆ ಅಂತ ಹೆಸರು ಬಿದ್ರೆ ಯಾರೂ ಸಾವಿಗೂ ಕರೆಯಲ್ಲ ಅದನ್ನ. ಇಬ್ರನ್ನೂ ಸುರಕ್ಷಿತವಾಗಿ ಮನೆ ಸೇರಿಸಬೇಕು. ನಂಗೆ ಇನ್ನೇನೂ ಬೇಡ."

ಅಗ್ನಿಶಾಮಕದವರು ಬೀದಿ ಬದಿಯಲ್ಲಿ ಪ್ಯಾನ್‌ಕೇಕ್ ಹುಯ್ಯುತ್ತಿದ್ದಾರೆ. ಟ್ರೇಲರಿನ ಮರೆಯಲ್ಲಿ ಕೆಂಡ್ರಾ ಒಂದು ಕಂಬಳಿಯನ್ನು ಅಡ್ಡ ಹಿಡಿದಿದ್ದಾರೆ, ಯಾರಿಗೂ ಮೆಟ್ಟಿಲು ಕಾಣದಿರಲೆಂದು. ಟೀಮನ್‌ರ ಮುಖ ಬಿಳಿಚಿದೆ.

"ಗಾಳಿ ಜೋರಾಗಿದೆ ಮಿಸೆಸ್ ಪರ್ಡಿ."

"ವಯೋಮಿಂಗ್‌ನಲ್ಲಿ ಗಾಳಿ ಇಲ್ಲದ ದಿನ ನೋಡಿದ್ದೀಯೇನೋ? ಹತ್ತು."

ಹತ್ತುತ್ತಾರೆ. ಮೆರವಣಿಗೆ ಹೊರಡುತ್ತದೆ. ಮುಂದೆ ಧ್ವಜ ಹಿಡಿದ ಹಳೆಯ ಸೈನಿಕರು, ಅವರ ಹಿಂದೆಯೇ, ಊರಿನ ಮಗನೆಂಬ ಮರ್ಯಾದೆಗೆ, ಕಂದು ಕುದುರೆಯ ಮೇಲೆ ರೆನ್‌ಶಾ. ಬ್ಯಾಂಡು, ಟ್ರ್ಯಾಕ್ಟರುಗಳು, ಮಿಠಾಯಿ ಎಸೆಯುವ ಬ್ಯಾಂಕಿನವರು. ಕೊನೆಗೆ ಡೀಕನ್, ಅದರ ಹಿಂದೆ ಜೊಯೆಟ್, ಅವರ ಹಿಂದೆ ಅಗ್ನಿಶಾಮಕದ ಕೆಂಪು ಲಾರಿ.

"ಟೀಮನ್, ಕುದುರೆ ಬಾಡಿಗೇದಾ?" ಎಂದು ಒಬ್ಬ ಕೇಳುತ್ತಾನೆ.

"ಅಲ್ಲ, ಎರವಲು!" ಎನ್ನುತ್ತಾರೆ ಟೀಮನ್. ಜನ ನಗುತ್ತಾರೆ. ಜೊಯೆಟ್ ಪಟ್ಟಿ ಹೇಳುತ್ತ ಗುರುವಾರದ ಊಟದವರೆಗೆ ಬಂದಿದ್ದಾರೆ.

ಆ ಊರಿನ ಮುಖ್ಯರಸ್ತೆ ಸೇತುವೆ ದಾಟಿ ಮೈದಾನದಲ್ಲಿ ಮುಗಿಯುತ್ತದೆ. ಈ ವರ್ಷ ಸೇತುವೆ ದುರಸ್ತಿಯಲ್ಲಿದೆ. ಹಾಗಾಗಿ ಮೆರವಣಿಗೆಯ ತಲೆ ಸೇತುವೆಯ ಬಳಿ ತಿರುಗಿ, ಅದೇ ರಸ್ತೆಯ ಇನ್ನೊಂದು ಬದಿಯಲ್ಲಿ ಹಿಂದಕ್ಕೆ ಬರುವುದೆಂದು ಏರ್ಪಾಡಾಗಿದೆ. ಊರವರಿಗೆ ಇದು ಗೊತ್ತು. ಹೊರಗಿನಿಂದ ಬಂದವರಿಗೆ ಹೇಳಬೇಕೆಂದು ಯಾರಿಗೂ ತೋಚಿಲ್ಲ. ಜೊಯೆಟ್ ಕೂಡ ಕೇಳಿಲ್ಲ.

ಧ್ವಜ ಎದುರಿನಿಂದ ಬರುತ್ತಿರುವುದನ್ನು ಅವರು ನೋಡುವಷ್ಟರಲ್ಲಿ ತಡವಾಗಿದೆ. ರಸ್ತೆಯ ಎರಡೂ ಬದಿ ಜನ ಏಳುತ್ತಾರೆ. ಹ್ಯಾಟುಗಳು ಇಳಿಯುತ್ತವೆ. ಟೀಮನ್ ಕೂಡ ತಮ್ಮ ಹ್ಯಾಟ್ ತೆಗೆದು ಎದೆಗೆ ಹಿಡಿಯುತ್ತಾರೆ. ಡೀಕನ್ ನಿಲ್ಲುತ್ತದೆ, ತಲೆ ತಗ್ಗಿಸುತ್ತದೆ.

ಧ್ವಜ ಹಾದುಹೋಗುತ್ತದೆ. ಹ್ಯಾಟುಗಳು ಮೇಲೇರುತ್ತವೆ. ಡೀಕನ್ ಕದಲುವುದಿಲ್ಲ. ಟೀಮನ್ ಹಿಮ್ಮಡಿಯಿಂದ ಮೆಲ್ಲಗೆ ತಟ್ಟುತ್ತಾರೆ, ಲಗಾಮು ಅಲುಗಿಸುತ್ತಾರೆ. ಇಲ್ಲ. ಮುಂದಿನ ಬ್ಯಾಂಕಿನ ಗಾಡಿ ದೂರ ಹೋಗಿದೆ. ಹಿಂದಿನ ಲಾರಿ ಹಾರ್ನ್ ಹೊಡೆಯುತ್ತದೆ.

"ವೇಡ್, ಪೆಟ್ರೋಲು ಮುಗೀತಾ?" ಎಂದು ಯಾರೋ ಕೂಗುತ್ತಾರೆ. ಫೋನುಗಳು ಮೇಲೇಳುತ್ತವೆ.

ಕೆಂಡ್ರಾ ಓಡಿ ಬರುತ್ತಾರೆ. "ಏನಾದರೂ ಮಾಡಿ ಜೊಯೆಟ್. ಒಂದೇಟು ಕೊಡಿ."

"ನಿಲ್ಲೋದು ಅದರ ಕೆಲಸ ಕಣಮ್ಮ. ಕೆಲಸ ಮಾಡಿದ್ದಕ್ಕೆ ಹೊಡೀಲಾ?"

ಟೀಮನ್ ಮೇಲಿನಿಂದ ಕೇಳುತ್ತಾರೆ, "ನೀವು ಲಗಾಮು ಹಿಡಿದ್ರೆ ನಡೆಯುತ್ತಾ?"

"ನಡೆಯುತ್ತೆ. ಆದ್ರೆ ನೀನು ಮೇಲಿರ್ತೀಯ. ಚಿಕ್ಕ ಮಗೂನ ಕೂರಿಸಿ ಸುತ್ತಿಸಿದ ಹಾಗಿರುತ್ತೆ. ರೆನ್‌ಶಾ ಊರಲ್ಲಿ."

"ಹಾಗಾದ್ರೆ ಇಳೀತೀನಿ."

"ಮೆಟ್ಟಿಲು ಇಲ್ಲ ಇಲ್ಲಿ."

"ಗೊತ್ತು ಮಿಸೆಸ್ ಪರ್ಡಿ."

ಜೊಯೆಟ್ ತಳ್ಳುಗಾಡಿ ಬಿಟ್ಟು ಡೀಕನ್‌ನ ಮಂಜುಗಣ್ಣಿನ ಬದಿಗೆ ಬಂದು ಅದರ ಕುತ್ತಿಗೆಯ ಮೇಲೆ ಕೈ ಇಡುತ್ತಾರೆ. ಟೀಮನ್‌ಗೆ ಕೈ ಕೊಡುವುದಿಲ್ಲ. "ಶುಕ್ರವಾರ ಮೀನು," ಎನ್ನುತ್ತಾರೆ, "ಕೋಸಿನ ಸಲಾಡು, ಪೀಚ್ ಹಣ್ಣು." ಟೀಮನ್ ಜೀನಿನ ಮೇಲೆ ಹೊಟ್ಟೆ ಊರಿ, ಒಂದು ಕಾಲನ್ನು ಈಚೆ ತಂದು, ನೆಲ ಹುಡುಕುತ್ತಾರೆ. ನೆಲ ಸಿಗಲು ತಡವಾಗುತ್ತದೆ. ಗವರ್ನರ್ ಆಗಹೊರಟವರು ಹಾಗೆ ನೇತಾಡುವುದನ್ನು ಆ ರಸ್ತೆಯ ಯಾರೂ ಹಿಂದೆ ನೋಡಿರಲಾರರು. ಯಾರೂ ನಗುವುದಿಲ್ಲ. ಆಮೇಲೆ ಬೂಟು ನೆಲ ಮುಟ್ಟುತ್ತದೆ.

ಟೀಮನ್ ಮುಂದಿನ ಸಾಲಿನ ಕುರ್ಚಿಗಳ ಕಡೆ ತಿರುಗುತ್ತಾರೆ. ಉಸಿರು ಇನ್ನೂ ಕೂತಿಲ್ಲ. "ಎಂಟು ವರ್ಷದವನಿದ್ದಾಗ ಒಂದು ಕುದುರೆ ನನ್ನ ಮೇಲೆ ಉರುಳಿತ್ತು. ಅವತ್ತಿಂದ ಕುದುರೆ ಅಂದ್ರೆ ಹೆದರಿಕೆ. ಈ ಬೇಸಿಗೆ ಪೂರ್ತಿ ನನ್ನನ್ನ ಮೇಲೆ ಕೂರಿಸಿದ್ದು ಇವರು, ಮಿಸೆಸ್ ಪರ್ಡಿ."

"ಹಂಗಾದ್ರೆ ವೋಟು ಆಯಮ್ಮಂಗೇ ಹಾಕ್ತೀವಿ ಬಿಡಪ್ಪ!" ಎನ್ನುತ್ತಾನೆ ಒಬ್ಬ ಮುದುಕ.

ಈಗ ನಗು. ಆ ನಗುವಿನ ನಡುವೆ ಡೀಕನ್ ಬಾಲವೆತ್ತಿ, ನಿಧಾನವಾಗಿ, ರಸ್ತೆಯ ಮಧ್ಯದಲ್ಲಿ ಲದ್ದಿ ಹಾಕುತ್ತದೆ. ಜೊಯೆಟ್ ಲಗಾಮು ಹಿಡಿದಿದ್ದಾರೆ. ಸಲಿಕೆ ತಳ್ಳುಗಾಡಿಯಲ್ಲಿದೆ. ಟೀಮನ್ ಹೋಗಿ ಅದನ್ನು ತೆಗೆದುಕೊಳ್ಳುತ್ತಾರೆ.

"ಅಂತೂ ಒಬ್ಬ ರಾಜಕಾರಣಿ ಕೈಗೆ ಸರಿಯಾದ ಕೆಲಸ ಸಿಕ್ತು!" ಎಂದು ಕುರ್ಚಿಗಳ ಕಡೆಯಿಂದ ಯಾರೋ ಕೂಗುತ್ತಾರೆ.

ಧ್ವಜದ ಹಿಂದೆ ಆಗಲೇ ದಾಟಿ ಹೋಗಿದ್ದ ರೆನ್‌ಶಾ ನಗು ಕೇಳಿ ಕಂದು ಕುದುರೆಯನ್ನು ತಿರುಗಿಸಿ ಬಂದು ನೋಡುತ್ತಾರೆ. "ಆ ಕಡೆ ಸ್ವಲ್ಪ ಬಿಟ್ಟಿದ್ದೀಯ ವೇಡ್," ಎಂದು ತೋರಿಸಿ, ಜೊಯೆಟ್‌ಗೆ ಹ್ಯಾಟಿನ ಅಂಚು ಮುಟ್ಟಿ ಮುಂದೆ ಹೋಗುತ್ತಾರೆ.

ಉಳಿದ ದಾರಿ ಹಾಗೆಯೇ ಸಾಗುತ್ತದೆ. ಜೊಯೆಟ್ ಮುಂದೆ, ಡೀಕನ್ ನಡುವೆ, ಅಭ್ಯರ್ಥಿ ತಳ್ಳುಗಾಡಿಯೊಂದಿಗೆ ಹಿಂದೆ.

ಮಂಗಳವಾರ ಟೀಮನ್ ರಾಜ್ಯದಲ್ಲಿ ಸ್ವಲ್ಪದರಲ್ಲಿ ಗೆದ್ದರು. ಬ್ಯಾನರ್ ಸ್ಪ್ರಿಂಗ್ಸ್‌ನಲ್ಲಿ ಸೋತರು. ಅಲ್ಲಿ ಅವರು ಗೆಲ್ಲುವರೆಂಬ ಆಸೆ ಯಾರಿಗೂ ಇರಲಿಲ್ಲ.

ಈಗ ಶಾಲೆ ತೆರೆದಿದೆ. ಅಡುಗೆಮನೆಯಲ್ಲಿ ಜೊಯೆಟ್ ಬನ್ನಿನ ಹಿಟ್ಟು ಲಟ್ಟಿಸುತ್ತಿದ್ದಾರೆ. ಕೆಂಡ್ರಾ ದಿನಕ್ಕೊಮ್ಮೆ ಫೋನ್ ಮಾಡುತ್ತಾರೆ. ಆ ಸಲಿಕೆಯ ಚಿತ್ರ ರಾಜ್ಯವೆಲ್ಲ ಸುತ್ತಿದೆ, ನವೆಂಬರಿನವರೆಗೆ ಪ್ರತಿ ಸಭೆಯಲ್ಲೂ ಟೀಮನ್‌ರ ಕೈಯಲ್ಲಿ ಸಲಿಕೆಯಿರಬೇಕೆಂದು ಕೆಂಡ್ರಾ ಆಸೆ. ಸಾಧ್ಯವಾದರೆ ಕುದುರೆಯೂ.

"ಸಲಿಕೆ ಬೇಕಾದ್ರೆ ಇಟ್ಕೊಳ್ಳಲಿ," ಎನ್ನುತ್ತಾರೆ ಜೊಯೆಟ್. "ಲದ್ದಿ ಇಲ್ಲದ ಕಡೆ ಸಲಿಕೆ ಹಿಡ್ಕೊಂಡು ಏನ್ ಮಾಡ್ತಾನೋ, ಪಾಪ. ಡೀಕನ್ ಬರಲ್ಲ. ಗೆದ್ದ ಮೇಲೆ ಜನವರಿಲಿ ರಾಜಧಾನಿ ಶಯೆನ್‌ನಲ್ಲಿ ಪ್ರಮಾಣ ತಗೊಳ್ಳೋ ದಿನಾನೂ ಕೇಳ್ತಾರೆ, ನಂಗೊತ್ತು. ಅವತ್ತೂ ಬರಲ್ಲ. ಆ ಚಳೀಲಿ ಅದು ಲಾಯದಲ್ಲಿ ಬೆಚ್ಚಗೆ ನಿಂತಿರಲಿ. ವೇಡ್ ನಡ್ಕೊಂಡು ಹೋಗಲಿ, ಕಾಲು ಗಟ್ಟಿ ಇದೆಯಲ್ಲ ಈಗ."

ಹಿಟ್ಟಿನ ಮೇಲೆ ಬೆಣ್ಣೆ ಸವರಿ, ದಾಲ್ಚಿನ್ನಿ ಸಕ್ಕರೆ ಉದುರಿಸಿ ಸುತ್ತುತ್ತಾರೆ. ಹೊರಗೆ ಮಕ್ಕಳು ಸಾಲುಗಟ್ಟುವ ಸದ್ದು. ಇನ್ನೇನಾದರೂ ಬರೆಯಬೇಕೆ ಎಂದು ಕೇಳುತ್ತೇನೆ. ಸುರುಳಿಯನ್ನು ಬನ್ನುಗಳಾಗಿ ಕತ್ತರಿಸುತ್ತ ಹೇಳುತ್ತಾರೆ.

"ಬೇಸಿಗೆ ಪೂರ್ತಿ ಕೂತಿದ್ದ. ನನ್ನ ಕುದುರೆ ಮೇಲಿಂದ ಅವನು ಬೀಳಲಿಲ್ಲ. ಇಳಿದ. ಅಷ್ಟು ಬರಿ, ಸಾಕು."