ಮೀನು ಕಟ್ಟೆಯ ಎಕ್ಸೆಲ್ ಶೀಟು

ತ್ರಾಸಿ ಕಡೆಯ ಮೀನು ಮಾರುಕಟ್ಟೆಯಲ್ಲಿ ನನ್ನ ಅತ್ತೆ ಕೂತ ಕಟ್ಟೆಯ ಮೇಲೇ ನಾನೂ ಕೂತವಳು. ಮಳೆಗಾಲಕ್ಕೆ ಬೋಟು ನಿಂತರೆ ನಾವು ಖಾಲಿ ಬುಟ್ಟಿಯನ್ನು ಕಟ್ಟೆಯ ಮೇಲೆ ಮಗುಚಿಟ್ಟು ಮನೆಗೆ ಹೋಗುತ್ತೇವೆ. ಮಗುಚಿದ ಬುಟ್ಟಿ ಯಾರದೋ ಕಟ್ಟೆ ಅವಳದೇ. ಮುಟ್ಟಿದವಳ ಜುಟ್ಟು ಉಳಿಯುವುದಿಲ್ಲ.

ಈ ಸಲ ಮಾರುಕಟ್ಟೆಗೆ ಹೊಸ ತಗಡಿನ ಮಾಡು ಹಾಕಿದರು. ಕಟ್ಟೆಗಳನ್ನು ಹೊಸದಾಗಿ ಹಂಚುತ್ತೇವೆ, ಬೇಕಾದವರ ಹೆಸರನ್ನು ತಾವು ಕಳಿಸಿದ ಎಕ್ಸೆಲ್ ಶೀಟಿನಲ್ಲೇ ತುಂಬಿಸಿ ಕಳಿಸಿ ಎಂದರು ಪಂಚಾಯತ್ ಆಫೀಸಿನವರು. ನಮ್ಮ ಮೀನು ಮಾರುವ ಹೆಂಗಸರ ಸಂಘದ ಕಂಪ್ಯೂಟರು ಯಾವುದೋ ಕಾಲೇಜಿನವರು ಬೇಡವೆಂದು ಕೊಟ್ಟದ್ದು. ಅದರೊಳಗಿರುವುದು ಲಿನಕ್ಸ್, ಪುಕ್ಕಟೆ ಸಿಗುವಂಥದು; ಎಕ್ಸೆಲ್ ಇಲ್ಲ. ನಡೆಸುವವಳು ನನ್ನ ಮೈದುನನ ಮಗಳು.

"ದೊಡ್ಡಮ್ಮ, ಹೆಸ್ರೆಲ್ಲ ತುಂಬ್ಸಿದೆ. ಆರೆ ಶೀಟಂಗೊಂದ್ ಬಟನ್ ಇತ್ತ್. ಒತ್ರೆ ಹೆಸ್ರಿಗೆ ನಂಬರ್ ಬೀಳ್ಕ್. ನಮ್ದ್ರಂಗೆ ಅದ್ ಬರೀ ಚಿತ್ರ, ಎಷ್ಟ್ ಒತ್ರೂ ಎಂತದೂ ಆತಿಲ್ಲೆ. ಕುಂದಾಪ್ರದಂಗೆ ಎಕ್ಸೆಲ್ ಇಪ್ಪ ಅಂಗ್ಡಿಗೆ ಹೋಯಿ ಒತ್ಸ್ಕಂಡ್ ಬತ್ತೆ" ಎಂದಳು.

"ಇವ್ಳಿಗೆ ಕುಂದಾಪ್ರ ತಿರ್ಗುಕೆ ಒಂದ್ ನೆಪ ಬೇಕ್" ಎಂದು ಯಾರೋ ನಕ್ಕರು.

"ನನ್ ಬುಟ್ಟಿ ಕಟ್ಟಿ ಮೇಲಿತ್ತ್. ಬಟನ್ ಎಂತಕೆ? ಹಾಂಗೇ ಕಳ್ಸ್" ಎಂದೆ ನಾನು. ಕಳಿಸಿದಳು.

ಮಳೆ ಕಳೆದ ಮೇಲೆ ಮಾಡಿನ ಕೆಳಗೆ ನಿಂತು ಆಫೀಸಿನ ಗುಮಾಸ್ತ ನಂಬರು ಕೂಗಿದ. ಬಟನ್ ಒತ್ತಿ ಕಳಿಸಿದ್ದ ಬೈಂದೂರು ಕಡೆಯ ಸಂಘದವರೆಲ್ಲ ಕಟ್ಟೆ ಹಿಡಿದು ಕೂತರು. ನಮ್ಮವರಲ್ಲಿ ಒಬ್ಬಳ ಹೆಸರೂ ಬರಲಿಲ್ಲ.

"ನಿಮ್ ಹೆಸ್ರಿತ್ತ್, ನಂಬರಿಲ್ಲೆ. ನಂಬರಿಲ್ದಿದ್ರೆ ಕಂಪ್ಯೂಟರಿಗೆ ಹೆಸ್ರ್ ಕಾಂತಿಲ್ಲೆ" ಎಂದ.

"ನಿಮ್ಗೆ ಕಾಂತ್ ಅಲ್ದಾ? ನಾನ್ ಎದ್ರಿಗೇ ನಿಂತಿದ್ದೆ."

"ನಂಗ್ ಕಂಡ್ರೆ ಆತಿಲ್ಲೆ ಅಮ್ಮ."

ಅಷ್ಟರಲ್ಲಿ ನನ್ನ ಕಟ್ಟೆ ಸಿಕ್ಕಿದ ಬೈಂದೂರಿನವಳು ನನ್ನ ಬುಟ್ಟಿ ಎತ್ತಿ ಚರಂಡಿಯ ಬದಿಗಿಟ್ಟಳು. "ಹ್ವಾಯ್, ಮಗುಚೇ ಇಟ್ಟಿದ್ದೆ ಕಾಣಿ. ಚರಂಡಿ ಇನ್ ನಿಮ್ದೇ."

ಅವಳ ಜುಟ್ಟಿಗೆ ಕೈ ಹಾಕಲು ಹೋದೆ, ಜನ ಹಿಡಿದರು. ನಮ್ಮವರೆಲ್ಲ ಶೀಟು ಕಳಿಸಿದ ಮೈದುನನ ಮಗಳ ಮೇಲೆ ಬಿದ್ದರು. ನಾನೂ ಬೈದೆ. ಗುಮಾಸ್ತನನ್ನು ಬೈದರೆ ಇನ್ನೊಂದು ಸಲವೂ ಕಟ್ಟೆ ಸಿಗುವುದಿಲ್ಲ; ಅವಳನ್ನು ಬೈದರೆ ನಷ್ಟವಿಲ್ಲ. ಆಮೇಲೆ ಅವಳು ಸಂಘಕ್ಕೆ ಬರಲಿಲ್ಲ. ಬಾ ಎಂದು ಕರೆಯಲು ನಾನೂ ಹೋಗಲಿಲ್ಲ.

ಕೂತವಳು ಸತ್ತರೆ ಮಾತ್ರ ಕಟ್ಟೆ ಖಾಲಿಯಾಗುತ್ತದಂತೆ, ಆಗ ನಂಬರಿದ್ದವಳಿಗೆ ಸಿಗುತ್ತದಂತೆ. ಕುಂದಾಪುರದ ಅಂಗಡಿಯಲ್ಲಿ ಬಟನ್ ಒತ್ತಿಸಿ ನನ್ನ ಹೆಸರಿಗೆ ನಂಬರು ಬೀಳಿಸಿಕೊಂಡು ಬಂದಿದ್ದೇನೆ. ಈಗ ಹೈವೇ ಅಂಚಿನಲ್ಲಿ ಬಸ್ಸಿನ ಧೂಳು ತಿನ್ನುತ್ತ ಬಂಗುಡೆ ಮಾರುತ್ತೇನೆ. ನನ್ನ ಕಟ್ಟೆಯಲ್ಲಿ ಕೂತವಳಿಗೆ ಉಬ್ಬಸ. ದಿನಾ ಬೆಳಿಗ್ಗೆ ಹೋಗಿ ಹೇಗಿದ್ದೀ ಎಂದು ಕೇಳುತ್ತೇನೆ.

"ಇವತ್ ಅಡ್ಡಿಲ್ಲೆ ಅಕ್ಕ" ಎನ್ನುತ್ತಾಳೆ.

ಬೇಜಾರಾಗುತ್ತದೆ. ವಾಪಸು ಬಂದು ಕೂರುತ್ತೇನೆ.