ಹೊಳೆ ದಾಟಿದರೆ ಯಾವ ರಾಜ್ಯ

ರಾಜ್ಯ ಒಂದಾದ ವರ್ಷವೇ ನಾನು ಗದಗಿನ ಕಾಲೇಜಿನಲ್ಲಿ ಇತಿಹಾಸ ಕಲಿಸಲು ಸೇರಿದೆ. ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ಎಂ.ಎ. ಓದಿದ ಹೆಣ್ಣುಮಕ್ಕಳು ಆಗ ಬೇರೆ ಯಾರೂ ಇರಲಿಲ್ಲ. ಧಾರವಾಡದಲ್ಲಿ ಬರೆದುಕೊಂಡ ಟಿಪ್ಪಣಿಗಳೇ ನನ್ನ ಬಂಡವಾಳ. ಅವುಗಳಲ್ಲಿ ಪೇಶ್ವೆಗಳಿದ್ದರು, ಕಂಪನಿ ಸರಕಾರವಿತ್ತು, ಫ್ರಾನ್ಸಿನ ಕ್ರಾಂತಿಯಿತ್ತು. ಅಷ್ಟು ಸಾಕೆಂದು ತಿಳಿದಿದ್ದೆ.

ಏಕೀಕರಣದ ಮೆರವಣಿಗೆಗಳು ಮುಗಿದ ಮೇಲೆ ಒಂದು ದಿನ ತರಗತಿಯಲ್ಲಿ ಹಮ್ಮಿಗಿಯ ವಿದ್ಯಾರ್ಥಿ ಎದ್ದು ನಿಂತ.

“ಅಕ್ಕಾರ, ಎಲ್ಲಾರೂ ಒಂದಾದ್ವಿ ಅಂತಾರ. ಮೊದಲ ಎಷ್ಟು ಮಂದಿ ಕೈಯಾಗ ಇದ್ವಿ? ನಮ್ಮೂರಾಗ ಹೊಳಿ ದಾಟಿದ್ರ ಮದ್ರಾಸ್ ಸರಕಾರ ಅಂತಿದ್ರು.”

“ನಮ್ಮದು ಸಂಸ್ಥಾನದ ಊರು,” ಎಂದ ಲಕ್ಷ್ಮೇಶ್ವರದವನು.

“ನಮ್ಮದೂ ಸಂಸ್ಥಾನನ, ಆದ್ರ ರಾಜಾ ಬ್ಯಾರೆ,” ಎಂದ ಶಿರಹಟ್ಟಿಯವನು.

“ಹಂಗಾದ್ರ ನಡುವ ಗಡಿ ಎಲ್ಲಿತ್ತರಿ?” ಎಂದು ಹಮ್ಮಿಗಿಯವನು ಮತ್ತೆ ಕೇಳಿದ.

ಎಲ್ಲರೂ ನನ್ನ ಮುಖ ನೋಡಿದರು. ಯುರೋಪಿನ ಗಡಿಗಳನ್ನು ಕಣ್ಣು ಮುಚ್ಚಿ ಬರೆಯಬಲ್ಲವಳು ನಾನು. ನಮ್ಮ ಮನೆಯಿಂದ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರುಗಳ ಗಡಿ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಹೊರಬಂದೆ.

ಸಂಜೆ ಗ್ರಂಥಾಲಯಕ್ಕೆ ಹೋದೆ. ಒಂದು ಉದ್ದನೆಯ ಕೋಣೆ, ಗೋಡೆಗುಂಟ ಕಪಾಟುಗಳು. ಗ್ರಂಥಪಾಲರು ಲಕ್ಷ್ಮೇಶ್ವರದ ಕಡೆಯವರು. ಪುಣೆಯಲ್ಲಿ ಕೆಲಸ ಕಲಿತು ಬಂದಿದ್ದರು, ಕಪ್ಪು ಟೊಪ್ಪಿಗೆ ತೆಗೆಯುತ್ತಿರಲಿಲ್ಲ. ಅಂದು ನೆಲದ ತುಂಬ ಪುಸ್ತಕ ಹರವಿಕೊಂಡು ನಡುವೆ ನಿಂತಿದ್ದರು. ನನ್ನ ಪ್ರಶ್ನೆ ಕೇಳಿ ನಕ್ಕರು.

“ಬರ್ರಿ ಬಾಯಾರ, ಕುಂಡ್ರಿ. ನನಗೂ ಅದ ತಲಿಬ್ಯಾನಿ. ನಮ್ಮ ಸೀಮಿ ಪುಸ್ತಕ ಎಲ್ಲಾ ಒಂದ ಕಡೆ ಇಡ್ರಿ ಅಂತ ಪ್ರಿನ್ಸಿಪಾಲರು ಹೇಳ್ಯಾರ. ಇಲ್ಲೀತನಕ ಮುಂಬೈ ಒಂದು ಕಪಾಟ, ಮದ್ರಾಸ್ ಒಂದು, ಹೈದರಾಬಾದ್ ಒಂದು. ಸಂಸ್ಥಾನದವು ಮೂಲ್ಯಾಗ ಬಿದ್ದಿದ್ದು. ಈಗ ಯಾವ ಹೆಸರು ಹಚ್ಚಲಿ? ಹೊಸ ರಾಜ್ಯದ ಹೆಸರ ಹಿಡದು ಮೈಸೂರು ಅಂತ ಬರದ್ರ ಹುಡುಗ್ರು ಅರಮನಿ ಪುಸ್ತಕ ಅಂದ್ಕೋತಾರ.”

ನಾವಿಬ್ಬರೂ ನೆಲದ ಮೇಲೆಯೇ ಕುಳಿತೆವು. ಜಿಲ್ಲಾ ಗ್ಯಾಸೆಟಿಯರುಗಳು, ಕಂದಾಯದ ವರದಿಗಳು, ಮರಾಠಿಯಲ್ಲಿದ್ದ ಸಂಸ್ಥಾನದ ಕಾರಭಾರದ ಪುಸ್ತಕಗಳು. ಪ್ರತಿ ಸರಕಾರವೂ ತನ್ನ ನಕಾಶೆಯಲ್ಲಿ ತನ್ನ ನೆಲಕ್ಕೆ ಮಾತ್ರ ಬಣ್ಣ ಹಚ್ಚಿ ಉಳಿದದ್ದನ್ನು ಬಿಳಿ ಬಿಟ್ಟಿತ್ತು. ಒಂದು ಹಳ್ಳಿ ಎರಡು ನಕಾಶೆಗಳಲ್ಲಿತ್ತು. ಇನ್ನೊಂದು ಯಾವುದರಲ್ಲೂ ಇರಲಿಲ್ಲ. ನೋಡಿದಷ್ಟೂ ನನ್ನ ತಲೆ ಗೊಂದಲದ ಗೂಡಾಯಿತು.

“ನಾಳೆ ಹುಡುಗ್ರಿಗೆ ಏನ ಹೇಳ್ಲಿ?” ಎಂದೆ.

“ಹೇಳಬ್ಯಾಡ್ರಿ. ಇಲ್ಲೇ ಕರ್ಕೊಂಡ ಬರ್ರಿ, ಅವ್ರೂ ನೋಡ್ಲಿ.”

ಮರುದಿನ ತರಗತಿ ಗ್ರಂಥಾಲಯದಲ್ಲೇ ನಡೆಯಿತು. ಅಲ್ಲಿಯವರೆಗೆ ಆ ಹುಡುಗರು ಪರೀಕ್ಷೆಯ ಗೈಡಿನ ಹೊರತು ಬೇರೆ ಪುಸ್ತಕ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿ, ಒಬ್ಬೊಬ್ಬರು ಒಂದೊಂದು ಪುಸ್ತಕ ನೋಡಿ ಗೆರೆ ಎಳೆದರು. ಗೆರೆಗಳು ಕೂಡಲಿಲ್ಲ. ಒಬ್ಬ ರಾಜನ ಹಳ್ಳಿಗಳು ಇನ್ನೊಬ್ಬನ ಹಳ್ಳಿಗಳ ನಡುವೆ ಚೆಲ್ಲಿದ ಜೋಳದಂತೆ ಬಿದ್ದಿದ್ದವು. ಹಿರೇವಡ್ಡಟ್ಟಿಯವನೊಬ್ಬ ಬಹಳ ಹೊತ್ತು ಹುಡುಕಿ, “ಅಕ್ಕಾರ, ನಮ್ಮೂರ ಇಲ್ಲರಿ,” ಎಂದು ಸಪ್ಪಗೆ ಹೇಳಿದ. ಗ್ರಂಥಪಾಲರು ಬಗ್ಗಿ ನೋಡಿ, “ಐತಿ ತಮ್ಮಾ. ಇಂಗ್ಲಿಷಿನವ್ರು ಹೆಸರ ಕೆಡಿಸ್ಯಾರ,” ಎಂದು ಬೆರಳಿಟ್ಟು ತೋರಿಸಿದರು. ಅವನು ಆ ತಪ್ಪು ಹೆಸರನ್ನು ತುಟಿಯಲ್ಲೇ ಓದಿಕೊಂಡ.

ಅಪ್ಪನನ್ನು ಕೇಳಿದರೆ ತಿಳಿದೀತೆಂದು ಮನೆಗೆ ಬಂದೆ. ಅವರು ಪ್ರಾಯದಲ್ಲಿ ಸೀರೆಯ ಗಂಟು ಹೊತ್ತು ಲಕ್ಷ್ಮೇಶ್ವರದ ಸಂತೆಗೆ ಹೋಗುತ್ತಿದ್ದವರು.

“ಗಡಿಯಾಗ ಸುಂಕದ ನಾಕಾ ಇತ್ತಲ್ಲ, ಹಳ್ಳದ ಈಚಿಗೆ,” ಎಂದರು.

ಒಳಗಿನಿಂದ ಅವ್ವ, “ಆಚಿಗಿತ್ತು. ನಾನೂ ಬಂದಿದ್ದೆ. ಹಳ್ಳ ದಾಟಿದ ಮ್ಯಾಲ ನಮ್ಮನ್ನ ತಡದ್ರು,” ಎಂದಳು.

ಅಪ್ಪ, “ಖರೆ ಹೇಳ್ಬೇಕಂದ್ರ ಈಗ ನನಗ ಆ ಹಳ್ಳಾನ ಯಾವುದಂತ ನೆನಪಾಗವಲ್ದು,” ಎಂದರು.

ರಜೆಯಲ್ಲಿ ಆ ಹಾಳೆಯನ್ನು ಸುರುಳಿ ಸುತ್ತಿಕೊಂಡು ಧಾರವಾಡಕ್ಕೆ, ನನ್ನ ಪ್ರಾಧ್ಯಾಪಕರ ಬಳಿ ಹೋದೆ. ಪಿಎಚ್.ಡಿ.ಗೆ ವಿಜಯನಗರದ ವೈಭವದ ಬಗ್ಗೆ ಬರೆಯಬೇಕೆಂಬುದು ನನ್ನ ಆಸೆ. ಹಾಳೆಯನ್ನು ಸುಮ್ಮನೆ ತೋರಿಸಿದೆ.

“ಇದರಾಗ ಯಾವ ಗೆರಿ ಬರೋಬ್ಬರಿ?” ಎಂದರು.

“ಗೊತ್ತಿಲ್ಲರಿ ಸರ್.”

“ಹಂಗಾದ್ರ ಇದನ್ನ ತಗೋರಿ ನೀವು. ವಿಜಯನಗರಕ್ಕ ಮಂದಿ ಭಾಳ ಅದಾರ.”

ನನಗೆ ಸಂತೋಷವಾಯಿತೋ ನಿರಾಸೆಯಾಯಿತೋ ಇಂದಿಗೂ ಹೇಳಲಾರೆ. ಮುಂದೆ ಕೆಲವು ವರ್ಷ ಅದೇ ಕೆಲಸ. ನಮ್ಮಲ್ಲಿಲ್ಲದ ಪುಸ್ತಕಗಳನ್ನು ಗ್ರಂಥಪಾಲರು ಪುಣೆಯಿಂದ, ಮದರಾಸಿನಿಂದ ಎರವಲು ತರಿಸಿಕೊಟ್ಟರು. ಪಾರ್ಸಲು ಬಂದ ದಿನ ಪಾಠ ನಡೆದಿದ್ದರೂ ಬಾಗಿಲಲ್ಲಿ ಬಂದು ನಿಂತು, “ಬಂತರಿ,” ಎಂದಷ್ಟೇ ಹೇಳಿ ಹೋಗುತ್ತಿದ್ದರು. ಒಂದು ಪಾರ್ಸಲು ಒಂದು ಅನುಮಾನ ಕಳೆದರೆ ಹೊಸದೆರಡನ್ನು ತರುತ್ತಿತ್ತು.

ಕೊನೆಗೆ ಪ್ರಬಂಧ ಬರೆದೆ. ಬಹುಪಾಲು ಗಡಿಗಳನ್ನು ಗುರುತಿಸಲು ಸಾಧ್ಯವಾಯಿತು. ಲಕ್ಷ್ಮೇಶ್ವರದ ಕಡೆಯ ಒಂದು ತುಣುಕು ಮಾತ್ರ ಕೈಗೆ ಸಿಗಲಿಲ್ಲ. ಅಲ್ಲಿ ಎರಡು ಚುಕ್ಕೆಗೆರೆ ಹಾಕಿ, ಆಧಾರಗಳು ಒಂದನ್ನೊಂದು ಒಪ್ಪುವುದಿಲ್ಲ ಎಂದು ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ಪುಟದ ಮೇಲೆ ಬಹಳ ಹೊತ್ತು ನಿಂತರು. ಆಮೇಲೆ ಪುಟ ತಿರುವಿದರು.

ಪದವಿ ಬಂದ ಸುದ್ದಿ ತಿಳಿದ ದಿನ ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ನಾಕಾ ಎಲ್ಲಿತ್ತಂತ ಸಿಕ್ತೇನು?”

“ಇಲ್ಲವ್ವಾ. ಗೊತ್ತಾಗಲಿಲ್ಲ ಅಂತ ಬರದೀನಿ.”

“ಗೊತ್ತಾಗಲಿಲ್ಲ ಅಂತ ಬರದಿದ್ದಕ್ಕ ಪದವಿ ಕೊಟ್ರಾ?”

ನಾನು ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದೆ.