ಬಾಲ್ಕನಿಯಲ್ಲಿ ಉಳಿದ ಹಿಮದ ಟೈರುಗಳು

ನನ್ನ ಗಂಡ ಆ ಕೆಂಪು ಸ್ಪೋರ್ಟ್ಸ್ ಕಾರನ್ನು ಮನೆಗೆ ತಂದ ದಿನ ನಾನು ಕೇಳಿದ ಮೊದಲ ಪ್ರಶ್ನೆ, "ಹಿಂದಿನ ಸೀಟು ಎಲ್ಲಿ ಮಾರಾಯ್ರೆ?" ಇದ್ದದ್ದೇ ಎರಡು ಸೀಟು. ನಮಗೆ ಮಕ್ಕಳಿಲ್ಲ ನಿಜ, ಆದರೆ ಊರಿಂದ ಯಾರಾದರೂ ಬಂದರೆ ಅವರನ್ನು ತಲೆ ಮೇಲೆ ಕೂರಿಸಿಕೊಳ್ಳುವುದಾ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಮುಖಕ್ಕೇ ಅಂದೆ. ಅವರು ನಕ್ಕು, "ಬಂದವರು ಟ್ಯಾಕ್ಸಿಯಲ್ಲಿ ಬರ್ಲಿ, ನೀನು ಹತ್ತು," ಎಂದು ಬಾಗಿಲು ತೆರೆದರು. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಅಬುಧಾಬಿಯ ಕಟ್ಟಡ ಕಂಪೆನಿಯೊಂದರಲ್ಲಿ ನಕ್ಷೆ ಬರೆಯುವುದು ಅವರ ಕೆಲಸ. ಕೂದಲೆಳೆಯಷ್ಟು ಗೆರೆ ತಪ್ಪಿದರೂ ಸಹಿಸುವ ಜನ ಅಲ್ಲ.

ಆ ಕಾರನ್ನು ಜರ್ಮನಿಯಲ್ಲಿ ಯಾರೋ ಓಡಿಸಿ ಮಾರಿದ್ದರು. ಹಡಗಿನಲ್ಲಿ ಬಂದು ಶಾರ್ಜಾದ ಹಳೆ ಕಾರುಗಳ ಅಂಗಳದಲ್ಲಿ ನಿಂತಿತ್ತು. ಟೈರುಗಳ ಕಚ್ಚು ಎಷ್ಟು ಆಳವೆಂದರೆ ಬೆರಳಿಟ್ಟರೆ ಉಗುರು ಮುಳುಗುತ್ತಿತ್ತು. "ಟೈರ್ ಹೊಸತೇ ಉಂಟಲ್ಲ, ಲಾಟರಿ ಹೊಡೀತು ನಿಂಗೆ," ಎಂದು ಸ್ನೇಹಿತರೆಲ್ಲ ಬೆನ್ನು ತಟ್ಟಿದರು. ಗಲ್ಫಿನಲ್ಲಿ ನಮ್ಮವರು ಟೈರು ನೋಡುತ್ತಿದ್ದದ್ದೇ ಹಾಗೆ. ಕಚ್ಚು ಆಳ ಇದ್ದರೆ ಹೊಸತು, ಖಲಾಸ್.

ಬೇಸಿಗೆಯಲ್ಲಿ ಒಂದು ದಿನ ದುಬೈಗೆ ಹೊರಟೆವು. ಜಬಲ್ ಅಲಿ ಹತ್ತಿರ ಬರುವಾಗ ಕಾರು ಕೆಸರುಗದ್ದೆಯಲ್ಲಿ ನಡೆದವರ ಹಾಗೆ ಆಚೆ ಈಚೆ ಜಾರತೊಡಗಿತು. ರಬ್ಬರ್ ಬೆಂದ ವಾಸನೆ ಬೇರೆ. ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಮರುದಿನ ಮುಸಫಾದ ಟೈರು ಅಂಗಡಿಗೆ ಹೋದರೆ, ಅಂಗಡಿಯ ಯಜಮಾನರು ಟೈರಿನ ಬದಿಯಲ್ಲಿದ್ದ ಸಣ್ಣ ಹಿಮದ ಹರಳಿನ ಚಿತ್ರ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಉಳ್ಳಾಲ ಕಡೆಯ ಬ್ಯಾರಿಗಳು. "ಇದು ಬರ್ಫ್ ಬೀಳುವ ದೇಶದ್ದು ಸಾರ್, ಮೆತ್ತಗಿನ ರಬ್ಬರ್. ಇಲ್ಲಿಯ ಬಿಸಿಲಿಗೆ ಬೆಣ್ಣೆ ಆಗ್ತದೆ. ನೀವು ಜೀವ ಸಮೇತ ಬಂದದ್ದೇ ದೊಡ್ಡದು."

ಟೈರು ಬದಲಾಯಿಸಿದ್ದಾಯಿತು. ಬಿಚ್ಚಿದ ನಾಲ್ಕನ್ನು ಅಲ್ಲೇ ಬಿಟ್ಟು ಬರುತ್ತಾರೆ ಅಂದುಕೊಂಡರೆ, ಮನೆಗೆ ತಂದು ಬಾಲ್ಕನಿಯಲ್ಲಿ ಒಂದರ ಮೇಲೊಂದು ಪೇರಿಸಿ ಹಳೆ ಬೆಡ್‌ಶೀಟ್ ಹೊದೆಸಿದರು. "ಒಂದು ದಿನ ಬೇಕಾಗ್ತದೆ. ಕಾರನ್ನು ದೋಣಿಯಲ್ಲಿ ಇರಾನಿಗೆ ದಾಟಿಸುವುದು, ಅಲ್ಲಿಂದ ಟರ್ಕಿ. ಚಳಿಗಾಲದಲ್ಲಿ ಹೋದರೆ ದಾರಿ ಉದ್ದಕ್ಕೂ ಹಿಮ. ನಾವಿಬ್ಬರೂ ಹಿಮ ನೋಡಿಲ್ಲ ಅಲ್ವಾ?" ಉಡುಪಿಯ ಬೆವರಿನಲ್ಲಿ ಹುಟ್ಟಿ ಅಬುಧಾಬಿಯ ಬೆವರಿನಲ್ಲಿ ಬದುಕುವ ನಮಗೆ ಹಿಮದ ಹುಚ್ಚು! "ಫ್ರೀಜರಿನ ಬಾಗಿಲು ತೆಗೆಯಿರಿ, ಕಾಣ್ತದೆ," ಅಂದೆ. ಟೈರುಗಳ ಮೇಲೆ ಹಲಗೆ ಇಟ್ಟು ಹಪ್ಪಳ ಒಣಗಿಸತೊಡಗಿದೆ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಕಾರಿನ ಕನ್ನಡಿ ಪಾರ್ಕಿಂಗಿನ ಕಂಬಕ್ಕೆ ತಾಗಿತು. ಇನ್ನೊಂದು ದಿನ ಬಾಗಿಲು ಗೀರಿತು. ಕೆಲಸದಲ್ಲೂ ನಕ್ಷೆಯ ಗೆರೆಗಳು ಅರ್ಧಕ್ಕೇ ಮಾಯವಾಗುತ್ತವೆ ಎಂದರು. ಕಣ್ಣಿನ ಡಾಕ್ಟರು ಗ್ಲಾಕೋಮಾ ಅಂದರು. ಕಣ್ಣೊಳಗಿನ ಒತ್ತಡಕ್ಕೆ ನರ ಸಾಯುತ್ತಿದೆ, ಸತ್ತದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಲು ನೋಡೋಣ. ಕಾರು ಓಡಿಸಬಾರದು. ಎಡಗಣ್ಣು ಹೋಯಿತು ಎಂದು ನನ್ನ ಗಂಡ ಒಪ್ಪಿಕೊಂಡರು. "ಬಲಗಣ್ಣು ಗಟ್ಟಿ ಉಂಟು ಮಾರಾಯ್ತಿ. ಹಾಲು ಚೆಲ್ಲಿದ ಹಾಗೆ ಸ್ವಲ್ಪ ಬೆಳ್ಳಗೆ, ಅಷ್ಟೇ." ನಾನು ನಂಬಿದೆ. ನಂಬುವುದೇ ಬೇಕಾಗಿತ್ತು ನನಗೆ.

ಒಂದು ವರ್ಷ ಕಾರು ಕಟ್ಟಡದ ಹಿಂದೆ ಬಿಸಿಲಿನಲ್ಲಿ ನಿಂತಿತು. ಒಣಗಿದ ಹಿಮ್ಮಡಿಯ ಹಾಗೆ ಟೈರುಗಳು ಬಿರುಕು ಬಿಟ್ಟವು. ಆಗ ಅವರು ಹಟ ಹಿಡಿದರು. ಹೊಸ ಟೈರು ಹಾಕಿಸಬೇಕು. ಶುಕ್ರವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಒಂದೇ ಒಂದು ಸಲ ಕಡಲ ಬದಿಯ ಕಾರ್ನಿಷ್ ರಸ್ತೆ ಸುತ್ತಬೇಕು. ಆಮೇಲೆ ಡಾಕ್ಟರು ಹೇಳಿದ ಹಾಗೆ. ನಾನು ಕೂಗಾಡಿದೆ, ಎರಡು ದಿನ ಮಾತು ಬಿಟ್ಟೆ. ಕೊನೆಗೆ ಆ ಮುಖ ನೋಡಲಾರದೆ ಹೂಂ ಅಂದೆ.

ರಿಕವರಿ ಗಾಡಿಯ ಬೆನ್ನ ಮೇಲೆ ಕಾರನ್ನು ಹೇರಿಸಿ ಮುಸಫಾಕ್ಕೆ ಹೋದೆವು. ಅದೇ ಅಂಗಡಿಯ ಯಜಮಾನರು ಎರಡು ಬಗೆಯ ಟೈರು ಮುಂದಿಟ್ಟರು. ಒಂದು ಗಟ್ಟಿ ರಬ್ಬರಿನದು, ನಾಲ್ಕೈದು ವರ್ಷ ಬಾಳುತ್ತದೆ, ಬಿಸಿಲಿಗೆ ಬಗ್ಗುವುದಿಲ್ಲ. ಇನ್ನೊಂದು ರೇಸಿನ ಜಾತಿಯದು, ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ನನ್ನ ಗಂಡ ಕೆಳಗೆ ಕೂತು ಎರಡನ್ನೂ ಸವರಿದರು. ಹೊಸ ಟೈರಿನ ಮೇಲೆ ರಬ್ಬರಿನ ಸಣ್ಣ ಸಣ್ಣ ಕೂದಲುಗಳಿರುತ್ತವೆ, ನಾಲ್ಕು ದಿನ ಓಡಿದರೆ ಉದುರಿಹೋಗುತ್ತವೆ. ಮಗುವಿನ ಹುಟ್ಟುಗೂದಲು ಸವರಿದ ಹಾಗೆ ಸವರುತ್ತಾ ಕೂತರು. ನಾನು ಗಟ್ಟಿಯದೇ ಇರಲಿ ಎಂದೆ.

"ಬೇಡ, ಇದು," ಎಂದು ಬೇಗ ಸವೆಯುವುದರ ಮೇಲೆ ಕೈ ಇಟ್ಟರು.

"ಒಂದೇ ವರ್ಷಕ್ಕೆ ಬೋಳಾಗ್ತದಂತೆ, ಕೇಳಿಸ್ಲಿಲ್ವಾ?"

"ಒಂದು ವರ್ಷ ಸಾಕು," ಅಂದರು. ಅಂಗಡಿಯವರು ನನ್ನ ಮುಖ ನೋಡಿದರು. ನಾನು ಹೊರಗೆ ಹೋಗಿ ನಿಂತೆ.

ಕಾರು ಮತ್ತೆ ರಿಕವರಿಯಲ್ಲೇ ಮನೆಗೆ ಬಂತು. ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಕುಂಕುಮ, ಊದುಬತ್ತಿ, ನಾಲ್ಕು ನಿಂಬೆಹಣ್ಣು ಹಿಡಿದು ಇಳಿದೆವು. ಹೊಸ ಗಾಡಿಗೆ ಹೇಗೋ ಹೊಸ ಟೈರಿಗೂ ಹಾಗೇ ಎನ್ನುವುದು ಅವರ ಲೆಕ್ಕ. ಚಕ್ರದಡಿ ನಿಂಬೆ ಒಡೆಯದೆ ಗಾಡಿ ಹೊರಡಬಾರದು. ನಾನು ಬಾನೆಟ್ಟಿಗೆ ಕುಂಕುಮ ಹಚ್ಚುತ್ತಿದ್ದೆ. ನಿಂಬೆ ನಾನೇ ಇಡುತ್ತೇನೆ ಎಂದು ಅವರು ಒಂದೊಂದು ಚಕ್ರದ ಮುಂದೆಯೂ ಬಗ್ಗಿ ಇಟ್ಟು ಬಂದರು. ಕೈ ಒರೆಸಿಕೊಂಡು ಖುಷಿಯಲ್ಲಿ ಕೇಳಿದರು, "ಸರಿ ಉಂಟಲ್ಲ?"

ನೋಡಿದೆ. ಎಡಗಡೆಯ ಎರಡೂ ಸರಿ ಇದ್ದವು, ಆ ಕಡೆ ಅವರು ಟೈರನ್ನು ಮುಟ್ಟಿ ನೋಡಿಕೊಂಡೇ ಇಟ್ಟಿದ್ದರು. ಬಲಗಡೆ ಗಟ್ಟಿ ಕಣ್ಣನ್ನು ನಂಬಿ ಇಟ್ಟಿದ್ದರು. ಆ ಎರಡು ನಿಂಬೆ ಚಕ್ರದಿಂದ ಒಂದು ಮೊಳ ಆಚೆ, ಬರೀ ನೆಲದ ಮೇಲೆ ಕೂತಿದ್ದವು.

ಅಯ್ಯೋ ದೇವರೇ. ಇಷ್ಟು ದಿನ ಊಟದ ತಟ್ಟೆ ಎದುರಿಗೇ ಇಟ್ಟಿದ್ದೆ, ಚಪ್ಪಲಿ ಕಾಲಿನ ಹತ್ತಿರವೇ ಇಟ್ಟಿದ್ದೆ, ಅದಕ್ಕೇ ನನಗೆ ಗೊತ್ತಾಗಿರಲಿಲ್ಲ. ನಾನು ಹೂಂ ಅನ್ನದ್ದಕ್ಕೆ ಅವರ ನಗು ಇಳಿಯಿತು.

"ಯಾವುದು ಸರಿ ಇಲ್ಲ?"

"ಬಲಗಡೆ," ಅಂದೆ.

ಅವರು ಕಾರಿನ ಬಲಕ್ಕೆ ಹೋಗಿ ಮೊಣಕಾಲೂರಿ ಹುಡುಕಿದರು. ಚಕ್ರದ ಮುಂದೆ ಸವರಿದರು, ಅಡಿಯಲ್ಲಿ ಸವರಿದರು. ನಿಂಬೆ ಅವರ ಮೊಣಕಾಲಿನ ಪಕ್ಕದಲ್ಲೇ ಹಳದಿಯಾಗಿ ಹೊಳೆಯುತ್ತಿತ್ತು. ನಾನು ಎತ್ತಿ ಅವರ ಕೈಯಲ್ಲಿಟ್ಟೆ. ಅದನ್ನು ಮುಷ್ಟಿಯಲ್ಲಿ ಹಿಡಿದರು. ಆಮೇಲೆ ಜೇಬಿನಿಂದ ಕೀ ತೆಗೆದು ನನಗೆ ಕೊಟ್ಟರು. ನನಗೆ ಡ್ರೈವಿಂಗ್ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆ ನಾಲ್ಕು ನಿಂಬೆಯ ಶರಬತ್ತು ಮಾಡಿದೆ, ಇಬ್ಬರೂ ಕುಡಿಯಲಿಲ್ಲ.

ಕಾರು ಮಾರಿದೆವು. ಕೊಂಡದ್ದು ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಜರ್ಮನ್ ಎಂಜಿನಿಯರ್. ಹುಟ್ಟಿದ ಊರಿಗೇ ವಾಪಸು ಹೋಗುತ್ತದಲ್ಲ ಎಂದು ನನ್ನ ಗಂಡ ಅದರಲ್ಲೂ ಒಂದು ಸಮಾಧಾನ ಹುಡುಕಿದರು. ಟೈರಿನ ಕೂದಲು ಇನ್ನೂ ಉದುರಿರಲಿಲ್ಲ. ಬಾಲ್ಕನಿಯ ಹಿಮದ ಟೈರುಗಳನ್ನೂ ತೆಗೆದುಕೊಂಡು ಹೋಗು ಎಂದು ಒತ್ತಾಯ ಮಾಡಿದರು. ಆತ ಬೆರಳಲ್ಲಿ ಒತ್ತಿ ನೋಡಿ, ವರ್ಷಗಟ್ಟಲೆ ಬಿಸಿಲಿಗೆ ಒಣಗಿ ಮರದ ಹಾಗಾಗಿದೆ, ಹಿಮದಲ್ಲಿ ಜಾರುತ್ತದೆ, ಅಲ್ಲಿ ಹೊಸತು ಹಾಕಿಸುತ್ತೇನೆ ಎಂದ. ಆದರೂ ಇವರ ಕೈ ಹಿಡಿದು, ಹಿಮದಲ್ಲಿ ನಿಲ್ಲಿಸಿ ಫೋಟೋ ಕಳಿಸುತ್ತೇನೆ ಎಂದು ಮಾತು ಕೊಟ್ಟ.

ಮಾತು ಉಳಿಸಿಕೊಂಡ. ನಾವು ವೀಸಾ ಮುಗಿಸಿ ಊರಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದ ದಿನಗಳಲ್ಲಿ ಇಮೇಲಿನಲ್ಲಿ ಫೋಟೋ ಬಂತು. ಓಡಿ ಹೋಗಿ ಹೇಳಿದೆ. ಅವರು ಬಾಲ್ಕನಿಯಲ್ಲಿ ಆ ಟೈರುಗಳ ಮೇಲೆ ಕೂತಿದ್ದರು.

"ಯಾವ ಟೈರ್ ಹಾಕಿದ್ದಾನೆ?" ಮೊದಲ ಪ್ರಶ್ನೆ ಅದೇ.

"ಕಾಣುವುದಿಲ್ಲ. ಚಕ್ರ ಅರ್ಧ ಹಿಮದಲ್ಲಿ ಹೂತಿದೆ."

"ಹಿಮ ಹೇಗುಂಟು?"

ನಾನು ಕಂಡಿದ್ದರೆ ತಾನೇ ಚೆನ್ನಾಗಿ ಹೇಳುವುದು. "ಬೆಳ್ಳಗೆ," ಅಂದೆ. "ಎಲ್ಲಾ ಬೆಳ್ಳಗೆ. ರಸ್ತೆ ಯಾವುದು, ಮರ ಯಾವುದು, ಆಕಾಶ ಯಾವುದು, ಒಂದೂ ಗೊತ್ತಾಗುವುದಿಲ್ಲ."

ಅವರು ನನ್ನ ಧ್ವನಿ ಬಂದ ಕಡೆ ತಿರುಗಿ ನಕ್ಕರು.

"ಹಾಗಾದ್ರೆ ನಾನು ನೋಡಿದ್ದೇನೆ ಬಿಡು."